ಆರು ಸಲವೂ ನಾಲ್ಕು ಪಾಯಿಂಟ್ ಎರಡು

ಆ ಸೋಮವಾರ ಶಿಲ್ಪಶ್ರೀಗೆ ಒಪ್ಪಿಸಿದ್ದು ಎರಡು ಕೆಲಸ. ಕೃಷ್ಣಮೂರ್ತಿಪುರಂನಲ್ಲಿ ಒಂದು ಟ್ರಸ್ಟಿನವರು ನಡೆಸುವ ರಕ್ತನಿಧಿಗೆ ಹೋಗಿ, ಅಲ್ಲಿನ ಫ್ರಿಜ್ಜಿಗೆ ಹಾಕಿದ್ದ ಅಲಾರಾಂ ಪೆಟ್ಟಿಗೆಯನ್ನು ಬಿಚ್ಚಿಕೊಂಡು ಬರುವುದು ಒಂದು. 'ಪೆಟ್ಟಿಗೆಯ ಸ್ವಿಚ್ ನನ್ನ ಸುಪರ್ದಿಯಲ್ಲಿತ್ತು, ಅದು ಬಂದ್ ಆಗಿದ್ದನ್ನು ನಾನು ಗಮನಿಸಲಿಲ್ಲ' ಎಂದು ಆಫೀಸಿನಲ್ಲೇ ಟೈಪ್ ಮಾಡಿ ಕೊಟ್ಟಿದ್ದ ಹಾಳೆಗೆ ಅಲ್ಲಿನ ಟೆಕ್ನಿಶಿಯನ್ ಸಹಿ ಹಾಕಿಸಿಕೊಂಡು ಬರುವುದು ಇನ್ನೊಂದು.

ಪೆಟ್ಟಿಗೆ ಅವಳ ಕಂಪನಿಯದೇ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಹದಿನಾಲ್ಕು ಜನ ಸೇರಿ ಅದನ್ನು ತಯಾರಿಸುತ್ತಿದ್ದರು. ಊಟದ ಡಬ್ಬಿಯಷ್ಟು ಗಾತ್ರ. ಅದರ ಒಂದು ತಂತಿ ಫ್ರಿಜ್ಜಿನೊಳಕ್ಕೆ ಹೋಗುತ್ತದೆ, ತುದಿಯ ಸೆನ್ಸರ್ ಒಳಗಿನ ಉಷ್ಣತೆ ಅಳೆಯುತ್ತದೆ, ಪರದೆಯ ಮೇಲೆ ಅಂಕಿ ಕಾಣುತ್ತದೆ, ಆರು ಡಿಗ್ರಿ ದಾಟಿದರೆ ಪೆಟ್ಟಿಗೆ ಬೀದಿಗೆ ಕೇಳುವಂತೆ ಕೂಗುತ್ತದೆ. ರಕ್ತನಿಧಿ, ಲಸಿಕೆಯ ದಾಸ್ತಾನು, ಔಷಧದ ಗೋಡೌನು ಎಂದು ಜಿಲ್ಲೆಯಲ್ಲಿ ನಲವತ್ತೊಂದು ಕಡೆ ಅಂಥ ಪೆಟ್ಟಿಗೆಗಳಿದ್ದವು. ಅವುಗಳೊಳಗಿನ ಕರ್ನಲ್, ಅಂದರೆ ಉಳಿದೆಲ್ಲ ಪ್ರೋಗ್ರಾಮುಗಳಿಗೆ ಮೆಮೊರಿಯಲ್ಲಿ ಜಾಗ ಹಂಚಿಕೊಡುವ ಬುಡದ ಪ್ರೋಗ್ರಾಂ, ಎರಡು ವರ್ಷದಿಂದ ಶಿಲ್ಪಶ್ರೀಯ ಪಾಲಿನ ಕೆಲಸವಾಗಿತ್ತು.

ಹಿಂದಿನ ದಿನ, ಭಾನುವಾರ, ನಡೆದದ್ದು ಇಷ್ಟು. ರಕ್ತನಿಧಿಯ ಫ್ರಿಜ್ಜಿನ ಕಂಪ್ರೆಸರ್ ಮಧ್ಯಾಹ್ನ ಕೆಟ್ಟಿತು. ಪೆಟ್ಟಿಗೆ ಕೂಗಲಿಲ್ಲ. ಸಂಜೆ ಆರಕ್ಕೆ ಹೆರಿಗೆ ವಾರ್ಡಿಗೆಂದು ರಕ್ತದ ಚೀಲ ತೆಗೆಯಲು ಡ್ಯೂಟಿಯಲ್ಲಿದ್ದ ಟೆಕ್ನಿಶಿಯನ್ ಬಾಗಿಲು ತೆರೆದರೆ ಚೀಲ ಕೈಗೆ ತಣ್ಣಗೆ ಹತ್ತಲಿಲ್ಲ. ಆಕೆ ಗಾಜಿನ ಥರ್ಮಾಮೀಟರ್ ಇಟ್ಟು ನೋಡಿದರು. ಹದಿಮೂರು ಡಿಗ್ರಿ. ಪೆಟ್ಟಿಗೆಯ ಪರದೆ ಮಾತ್ರ ನಾಲ್ಕು ಪಾಯಿಂಟ್ ಎರಡು ಎನ್ನುತ್ತಿತ್ತು. ಆಕೆ ಒಂದು ಚೀಲವೂ ಹೊರಗೆ ಹೋಗದಂತೆ ಫ್ರಿಜ್ಜಿಗೆ ಬೀಗ ಹಾಕಿ ಡಾಕ್ಟರಿಗೆ ಫೋನ್ ಮಾಡಿದರು. ಬಾಣಂತಿಗೆ ಬೇರೆ ಕಡೆಯಿಂದ ರಕ್ತ ತರಿಸಿದರು. ಒಳಗಿದ್ದ ಎಂಬತ್ತಮೂರು ಚೀಲಗಳೂ ವ್ಯರ್ಥವಾದವು.

ಬೆಳಗಾಗುವಷ್ಟರಲ್ಲಿ ಆ ಟೆಕ್ನಿಶಿಯನ್ನನ್ನೇ ಅಮಾನತು ಮಾಡಿದ್ದರು.

ಶಿಲ್ಪಶ್ರೀ ಹೋದಾಗ ಆಕೆ ವರಾಂಡದ ಬೆಂಚಿನ ಮೇಲೆ ಕೂತಿದ್ದರು. ಹೆಸರು ಚಾಮುಂಡೇಶ್ವರಿ. ಕುಂಬಾರಕೊಪ್ಪಲಿನವರು, ವಯಸ್ಸು ಐವತ್ತೆರಡು, ಆ ರಕ್ತನಿಧಿಯಲ್ಲಿ ಹತ್ತೊಂಬತ್ತು ವರ್ಷದ ಸರ್ವಿಸ್. ಮಡಿಲಲ್ಲಿ ಒಂದು ರಿಜಿಸ್ಟರ್ ಇತ್ತು. ಅದನ್ನು ಒಳಗಿಡಿ ಎಂದು ಯಾರೋ ಹೇಳಿದರೂ ಬಿಟ್ಟುಕೊಟ್ಟಿರಲಿಲ್ಲ.

"ಆ ಪೆಟ್ಗೆ ಮಾಡ್ದೋರು ನೀವೇನಾ ಮೇಡಂ?"

"ನಮ್ಮ ಕಂಪ್ನಿದು."

"ಅಂಗಾದ್ರೆ ಇಲ್ಲಿ ಕೂತ್ಕೊಂಡು ಇದನ್ನ ನೋಡಿ."

ಎರಡು ಗಂಟೆಗೊಮ್ಮೆ ಪರದೆ ನೋಡಿ ಉಷ್ಣತೆ ಬರೆಯುವ ರಿಜಿಸ್ಟರ್ ಅದು. ಭಾನುವಾರದ ಪುಟದಲ್ಲಿ ಎಂಟು ಗಂಟೆಗೆ 4.2, ಹತ್ತಕ್ಕೆ 4.2, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ, ಆರಕ್ಕೆ, ಎಲ್ಲವೂ 4.2. ಕೊನೆಯದರ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ 'ಥರ್ಮಾಮೀಟರ್ 13, ಬೀಗ ಹಾಕಿದೆ' ಎಂದು ಬರೆದು ಸಹಿ ಮಾಡಿದ್ದರು.

"ಆರು ಸಲವೂ ಒಂದೇ ಅಂಕಿ ಎಲ್ಲಾರ ಬರುತ್ತಾ, ಕುಂತ ಜಾಗ್ದಲ್ಲೇ ಬರ್ಕೊಂಡಿದ್ದೀರಿ ಅಂತಾರೆ ಸೆಕ್ರೆಟರಿ. ನಾನು ಆರು ಸಲವೂ ಎದ್ದೋಗಿ ನೋಡಿದ್ದೀನಿ ಮೇಡಂ. ಅಲ್ಲಿ ಏನಿತ್ತೋ ಅದನ್ನ ಬರ್ದೆ. ಬೇರೆ ಏನ್ ಬರೀಬೇಕಿತ್ತು? ಇಲ್ನೋಡಿ, ರಾತ್ರಿ ಪಾಳಿಯೋರು ಬರ್ದಿರೋದು. ನಾಲ್ಕು ಪಾಯಿಂಟ್ ಒಂದು, ಮೂರು, ಎರಡು, ನಾಲ್ಕು. ಅವ್ರುದ್ದು ಚೆನ್ನಾಗಿದೆಯಂತೆ, ನಿಯತ್ತಾಗಿದೆಯಂತೆ."

ಆಕೆಯ ದನಿ ಏರಲಿಲ್ಲ. ರಿಜಿಸ್ಟರಿನ ಅಂಚನ್ನು ಹಿಡಿದಿದ್ದ ಬೆರಳು ಮಾತ್ರ ಬಿಳಿಚಿಕೊಂಡಿದ್ದವು.

"ಫ್ರಿಜ್ಜಿಗೇ ಒಂದು ಮುಳ್ಳಿನ ಮೀಟರ್ ಇರಬೇಕಲ್ವಾ?" ಶಿಲ್ಪಶ್ರೀ ಕೇಳಿದಳು.

"ಕೆಟ್ಟು ವರ್ಷ ಆಯ್ತು. ನಿಮ್ಮ ಪೆಟ್ಗೆ ಬಂತಲ್ಲ, ಇನ್ನು ಅದ್ಯಾಕೆ ಅಂದ್ಬುಟ್ರು."

ಸಹಿ ಹಾಕಿಸಬೇಕಿದ್ದ ಹಾಳೆಯ ಕವರನ್ನು ಶಿಲ್ಪಶ್ರೀ ಬ್ಯಾಗಿನಿಂದ ಹೊರಗೆ ತೆಗೆಯಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯ ಮೆಮೊರಿ ಕಾರ್ಡನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿದಳು. ಪೆಟ್ಟಿಗೆ ತಾನು ಅಳೆದದ್ದನ್ನೆಲ್ಲ ಆ ಕಾರ್ಡಿನಲ್ಲಿ ಬರೆದಿಡುತ್ತದೆ. ಶನಿವಾರ ಮಧ್ಯಾಹ್ನ ಮೂರು ನಲವತ್ತರವರೆಗೆ ಬರಹವಿತ್ತು. ಆಮೇಲೆ ಏನೂ ಇಲ್ಲ. ಮತ್ತೆ ಶುರುವಾದದ್ದು ಭಾನುವಾರ ಸಂಜೆ ಆರೂ ಇಪ್ಪತ್ತಕ್ಕೆ, ಫ್ರಿಜ್ಜಿನ ರಿಪೇರಿಯವರು ಬಂದು ಪೆಟ್ಟಿಗೆಯ ಸ್ವಿಚ್ ಆರಿಸಿ ಹಾಕಿದ ಮೇಲೆ. ನಡುವೆ ಇಪ್ಪತ್ತಾರು ಗಂಟೆ ನಲವತ್ತು ನಿಮಿಷ ಖಾಲಿ.

ಖಾಲಿಗೆ ಮೊದಲಿನ ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. 4.2.

ಪೆಟ್ಟಿಗೆ ಆರಿಹೋಗಿದ್ದರೆ ಪರದೆಯೂ ಆರಿರುತ್ತಿತ್ತು, ಆಗ ಚಾಮುಂಡೇಶ್ವರಿಗೆ ಆ ಅಂಕಿ ಸಿಕ್ಕುತ್ತಲೇ ಇರಲಿಲ್ಲ. ಪರದೆ ಉರಿಯುತ್ತಿತ್ತು, ಆದರೆ ಹಿಂದಿನ ದಿನದ ಅಂಕಿಯನ್ನೇ ಹಿಡಿದು ನಿಂತಿತ್ತು. ಆ ಇಪ್ಪತ್ತಾರು ಗಂಟೆಯಲ್ಲಿ ಪರದೆಯನ್ನು ನಿಜವಾಗಿ ನೋಡಿದವರು ಬರೆಯಬಹುದಾದ ಅಂಕಿ ಒಂದೇ. ರಾತ್ರಿ ಪಾಳಿಯವನ ಚೆಂದದ ಅಂಕಿಗಳೆಲ್ಲ ನೋಡದೆ ಕಟ್ಟಿ ಬರೆದವು. ನಿಜ ಬರೆದವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಹಾಳೆಗೆ ಸಹಿ ಇಲ್ಲದೆ ಅವಳು ಹೆಬ್ಬಾಳಕ್ಕೆ ವಾಪಸಾದಳು.

ಕಂಪನಿಯ ಯಜಮಾನರು ಮೃತ್ಯುಂಜಯ. ಒಂದು ಕಾಲಕ್ಕೆ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದವರು, ಶಿಲ್ಪಶ್ರೀಗೂ ಗುರುಗಳೇ. ಕಾರ್ಡಿನಲ್ಲಿ ಖಾಲಿ ಇದೆ ಎಂದಾಗ ಅವರ ಮುಖ ಗೆಲುವಾಯಿತು.

"ನೋಡಿದ್ರಾ. ಯಾರೋ ಸ್ವಿಚ್ ಆರ್ಸಿದ್ದಾರೆ."

"ಪರದೆ ಉರೀತಿತ್ತು ಸರ್. ಬರೀ ಅಳೆಯೋ ಪ್ರೋಗ್ರಾಂ ಸತ್ತಿದೆ."

"ಉರೀತಿತ್ತು ಅಂತ ಯಾರು ಹೇಳಿದ್ದು?"

"ಚಾಮುಂಡೇಶ್ವರಿಯವರು."

"ಸರಿ ಹೋಯ್ತು," ಎಂದರು ಮೃತ್ಯುಂಜಯ. "ಮುಂದಿನ ಸೋಮವಾರ ವಿಚಾರಣೆ ಇದೆ. ಅಷ್ಟರೊಳಗೆ ನಮ್ಮ ಪೆಟ್ಟಿಗೆ ಚೆನ್ನಾಗಿದೆ ಅಂತ ಒಂದು ರಿಪೋರ್ಟ್ ಕೊಡಿ. ಟೆಸ್ಟ್ ಮಾಡಿಯೇ ಕೊಡಿ, ನಾನೇನು ಸುಳ್ಳು ಬರೀರಿ ಅಂತಿಲ್ಲ."

ಮೂರು ದಿನ ಪೆಟ್ಟಿಗೆ ಅವಳ ಟೇಬಲ್ಲಿನ ಮೇಲೆ ತಪ್ಪಿಲ್ಲದೆ ಓಡಿತು. ಬೇಕೆಂದೇ ಅಳೆಯುವ ವೇಗ ಹೆಚ್ಚಿಸಿದಳು, ಆಗಲೂ ಓಡಿತು. ರಿಪೋರ್ಟ್ ಬರೆಯಬಹುದಾಗಿತ್ತು. ಆದರೆ ಬೆಂಚಿನ ಮೇಲೆ ಕೂತಿದ್ದ ಹೆಂಗಸಿನ ಬೆರಳು ನೆನಪಾಗಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಪೆಟ್ಟಿಗೆಯನ್ನು ತಿರುಗಿಸಿ ನೋಡುತ್ತಿದ್ದಾಗ ಹೊಳೆಯಿತು: ತಾನು ಪೆಟ್ಟಿಗೆ ತಂದಿದ್ದೇನೆ, ಹಳೆಯ ತಂತಿ ಫ್ರಿಜ್ಜಿನಲ್ಲೇ ಉಳಿದಿದೆ, ಇಲ್ಲಿ ಹಾಕಿರುವುದು ಹೊಸ ತಂತಿ. ಸ್ಕೂಟರ್ ಹತ್ತಿ ಕೃಷ್ಣಮೂರ್ತಿಪುರಂಗೆ ಹೋಗಿ ಆ ತಂತಿಯನ್ನು ಬಿಚ್ಚಿ ತಂದಳು. ಆಷಾಢದ ತೇವಕ್ಕೆ ಅದರ ತುದಿಯ ಪಿನ್ನುಗಳು ಹಸಿರು ಕಿಲುಬು ಹಿಡಿದಿದ್ದವು.

ಕಿಲುಬಿನಿಂದಾಗಿ ಸೆನ್ಸರ್ ಕಳಿಸಿದ ಅಂಕಿ ಹತ್ತರಲ್ಲಿ ಒಂದು ಸಲ ಕೆಟ್ಟು ಬರುತ್ತಿತ್ತು. ಅದು ದೊಡ್ಡ ತಪ್ಪಲ್ಲ. ಸೆನ್ಸರಿನ ಜೊತೆ ಮಾತಾಡುವ ಕರ್ನಲ್ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ಆ ಡ್ರೈವರ್ ಕೆಟ್ಟ ಅಂಕಿಯನ್ನು ಗುರುತಿಸಿ, ಬಿಸಾಕಿ, ಐದು ಸೆಕೆಂಡು ಬಿಟ್ಟು ಮತ್ತೆ ಕೇಳುತ್ತಿತ್ತು. ಪರದೆಯ ಮೇಲೆ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಆದರೆ ಶಿಲ್ಪಶ್ರೀ ಇನ್ನೊಂದು ಕಿಟಕಿಯಲ್ಲಿ ಖಾಲಿ ಮೆಮೊರಿಯ ಲೆಕ್ಕವನ್ನು ತೆರೆದಿಟ್ಟಿದ್ದಳು. ಒಂದೊಂದು ಕೆಟ್ಟ ಅಂಕಿ ಬಂದಾಗಲೂ ಅದು ಒಂದು ಕೆ.ಬಿ. ಇಳಿಯಿತು. ಇಳಿದದ್ದು ಮತ್ತೆ ಏರಲಿಲ್ಲ.

ಯಾರೂ ಬಳಸದೆ, ಯಾರೂ ಹಿಂದಿರುಗಿಸದೆ ಬಿದ್ದಿರುವ ಮೆಮೊರಿಯನ್ನು ಹುಡುಕಿಕೊಡುವ ಸಾಧನವೊಂದು ಕರ್ನಲ್ಲಿನಲ್ಲೇ ಇರುತ್ತದೆ. ಅದನ್ನು ಚಾಲೂ ಮಾಡಿ ಅರ್ಧ ಗಂಟೆ ಬಿಟ್ಟು ಕೇಳಿದಳು. ಪುಟಗಟ್ಟಲೆ ಪಟ್ಟಿ ಬಂತು, ಎಲ್ಲವೂ ಡ್ರೈವರಿನ ಒಂದೇ ಸಾಲನ್ನು ತೋರಿಸುತ್ತಿದ್ದವು.

ಆ ಡ್ರೈವರನ್ನು ಸೆನ್ಸರ್ ತಯಾರಿಸಿದವರು ಬರೆದು ಎಲ್ಲರಿಗೂ ಬಿಟ್ಟಿದ್ದರು. ಅವಳು ಅದನ್ನು ಎಷ್ಟು ಸಲ ಓದಿದ್ದಳೋ. ಈಗ ಬೆರಳಿಟ್ಟು ಓದಿದಳು. ಅಳೆಯುವ ಮೊದಲು ಒಂದು ತುಂಡು ಮೆಮೊರಿ ಪಡೆಯುತ್ತದೆ. ಕೆಲಸ ಸರಿಯಾಗಿ ಮುಗಿದರೆ ವಾಪಸು ಕೊಟ್ಟು ಹೊರಗೆ ಬರುತ್ತದೆ. ಸೆನ್ಸರ್ ಉತ್ತರವೇ ಕೊಡದಿದ್ದರೆ ಅಲ್ಲಿಯೂ ವಾಪಸು ಕೊಟ್ಟೇ ಹೊರಗೆ ಬರುತ್ತದೆ. ಉತ್ತರ ಬಂದು ಅದು ಕೆಟ್ಟಿದ್ದರೆ, ಆ ಮೂರನೆಯ ದಾರಿಯಲ್ಲಿ, ತಪ್ಪು ಎಂದು ಹೇಳಿ ನೇರ ಹೊರಗೆ ನಡೆಯುತ್ತದೆ. ಪಡೆದದ್ದು ಅಲ್ಲೇ ಉಳಿಯುತ್ತದೆ. ಹೊಸ ತಂತಿ ಹಾಕಿದ ಟೇಬಲ್ಲಿನ ಮೇಲೆ ಆ ದಾರಿಯಲ್ಲಿ ಯಾರೂ ನಡೆಯುವುದೇ ಇಲ್ಲ, ಹಾಗಾಗಿ ಯಾರಿಗೂ ಕಂಡಿರಲಿಲ್ಲ.

ಲೆಕ್ಕ ಹಾಕಿದಳು. ದಿನಕ್ಕೆ ಸುಮಾರು ಸಾವಿರದ ಏಳುನೂರು ಕೆಟ್ಟ ಅಂಕಿ. ಪೆಟ್ಟಿಗೆಯಲ್ಲಿ ಖಾಲಿ ಇರುವುದು ನಲವತ್ತು ಎಂ.ಬಿ. ಇಪ್ಪತ್ಮೂರು ದಿನದಲ್ಲಿ ಎಲ್ಲ ಮುಗಿಯುತ್ತದೆ. ಮುಗಿದಾಗ ಕರ್ನಲ್ ತಾನು ಉಳಿಯಲು ಅತಿ ಹೆಚ್ಚು ಮೆಮೊರಿ ಹಿಡಿದ ಪ್ರೋಗ್ರಾಮನ್ನು ಕೊಲ್ಲುತ್ತದೆ. ಈ ಪೆಟ್ಟಿಗೆಯಲ್ಲಿ ಅತಿ ದೊಡ್ಡದು ಅಳೆಯುವ ಮತ್ತು ಕೂಗುವ ಪ್ರೋಗ್ರಾಮೇ. ಅದು ಸತ್ತರೂ ಪರದೆ ಕೊನೆಯ ಅಂಕಿಯನ್ನು ತೋರಿಸುತ್ತ ನಿಂತಿರುತ್ತದೆ. ರಕ್ತನಿಧಿಯ ಪೆಟ್ಟಿಗೆ ಕೊನೆಯ ಸಲ ಆರಿ ಹತ್ತಿದ್ದು ಯಾವಾಗ ಎಂದು ಕಾರ್ಡಿನಲ್ಲಿ ನೋಡಿದಳು. ಆ ಶನಿವಾರಕ್ಕೆ ಇಪ್ಪತ್ಮೂರು ದಿನದ ಹಿಂದೆ.

ಒಂದು ಪ್ರಶ್ನೆ ಉಳಿಯಿತು. ಪೆಟ್ಟಿಗೆ ಮಾರುಕಟ್ಟೆಗೆ ಬಂದು ನಾಲ್ಕು ವರ್ಷವಾಗಿತ್ತು, ಅದರಲ್ಲಿ ನಾಲ್ಕು ಮಳೆಗಾಲ ಕಳೆದಿದ್ದವು. ಇಷ್ಟು ದಿನ ಯಾಕೆ ಆಗಲಿಲ್ಲ? ಪೆಟ್ಟಿಗೆಯ ಪ್ರೋಗ್ರಾಮಿನ ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ತೆರೆದು ಹೋಲಿಸಿದಳು. ಎಂಟು ತಿಂಗಳ ಹಿಂದಿನವರೆಗೂ ಒಂದು ಸಾಲು ಇತ್ತು. ಪ್ರತಿ ಭಾನುವಾರ ಬೆಳಗಿನ ಜಾವ ಪೆಟ್ಟಿಗೆ ತನ್ನಷ್ಟಕ್ಕೆ ಆರಿ ಹತ್ತುವಂತೆ ಮಾಡುವ ಸಾಲು. ಬರೆದವನು ಪಕ್ಕದ ಟೇಬಲ್ಲಿನ ವಾಗೀಶ.

"ಯಾಕೆ ಬರೆದಿದ್ದೆ ವಾಗೀಶ ಇದನ್ನ?"

ಅವನು ಪರದೆ ನೋಡಿ ಕುರ್ಚಿ ಹಿಂದಕ್ಕೆ ತಳ್ಳಿದ. "ಮೊದಲ ವರ್ಷ ಎರಡು ಪೆಟ್ಟಿಗೆ ಹಿಂಗೇ ನಿಂತೋಗಿತ್ತು ಕಣೆ. ಮೆಮೊರಿ ಎಲ್ಲೋ ಸೋರ್ತಿದೆ ಅಂತ ಗೊತ್ತಾಯ್ತು, ಎಲ್ಲಿ ಅಂತ ಗೊತ್ತಾಗಲಿಲ್ಲ. ವಾರಕ್ಕೊಂದ್ಸಲ ರೀಸ್ಟಾರ್ಟ್ ಹಾಕು, ಆಮೇಲೆ ನೋಡೋಣ ಅಂದ್ರು ಸರ್. ಆಮೇಲೆ ಯಾರೂ ನೋಡಲಿಲ್ಲ."

"ಅಂದ್ರೆ ಗೊತ್ತಿತ್ತು. ನಿಮಗಿಬ್ಬರಿಗೂ ಗೊತ್ತಿತ್ತು."

"ಸಾಲು ಇದ್ದಷ್ಟು ದಿನ ಏನೂ ಆಗಲಿಲ್ಲವಲ್ಲ. ತೆಗೆದವರು ಯಾರು ನೋಡು."

ನೋಡಬೇಕಾದ ಅಗತ್ಯವಿರಲಿಲ್ಲ. ಭಾನುವಾರ ಬೆಳಗಿನ ಜಾವ ಎರಡು ನಿಮಿಷ ಅಲಾರಾಂ ಇರುವುದಿಲ್ಲ ಎಂದು ಒಂಟಿಕೊಪ್ಪಲ್‌ನ ಲಸಿಕೆ ದಾಸ್ತಾನಿನವರು ದೂರು ಕೊಟ್ಟಿದ್ದರು. ಆ ಸಾಲನ್ನು ಅಳಿಸಿದವಳು ಶಿಲ್ಪಶ್ರೀಯೇ. ಇದು ಯಾಕಿದೆ ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಅಳಿಸಿದ್ದಕ್ಕೆ ಆ ವಾರ ಅವಳನ್ನು ಮೀಟಿಂಗಿನಲ್ಲಿ ಹೊಗಳಿದ್ದರು.

ಅವಳು ಎದ್ದು ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದು ಕೂತು ಡ್ರೈವರ್ ತಿದ್ದಿದಳು. ಮೂರು ದಾರಿಗಳೂ ಒಂದೇ ಬಾಗಿಲಿಗೆ ಬಂದು, ಅಲ್ಲಿ ಮೆಮೊರಿ ವಾಪಸು ಕೊಟ್ಟೇ ಹೊರಗೆ ಹೋಗುವಂತೆ ಮಾಡಿದಳು. ನಾಲ್ಕು ಸಾಲಿನ ಕೆಲಸ. ಕಿಲುಬಿನ ತಂತಿ ಹಾಕಿ ಸೆಕೆಂಡಿಗೆ ನೂರು ಸಲ ಅಳೆಯುವಂತೆ ವೇಗ ಏರಿಸಿ ಇಡೀ ಶುಕ್ರವಾರ ಓಡಿಸಿದಳು. ಖಾಲಿ ಮೆಮೊರಿ ಅಲುಗಲಿಲ್ಲ. ಹಳೆಯ ಡ್ರೈವರ್ ಹಾಕಿ ಅದೇ ವೇಗದಲ್ಲಿ ಓಡಿಸಿದಾಗ ಒಂದು ಗಂಟೆ ಆರು ನಿಮಿಷಕ್ಕೆ ಪ್ರೋಗ್ರಾಂ ಸತ್ತು ಪರದೆ ನಿಂತಿತು.

ಮೃತ್ಯುಂಜಯ ಎಲ್ಲವನ್ನೂ ಕೇಳಿದರು. ತಿದ್ದಿದ ಸಾಲುಗಳನ್ನು ಓದಿ ತಲೆಯಾಡಿಸಿದರು. ಒಳ್ಳೆಯ ಮೇಷ್ಟರ ಕಣ್ಣು ಅವರಿಗೆ ಇನ್ನೂ ಇತ್ತು.

"ಚೆನ್ನಾಗಿ ಹಿಡಿದಿದ್ದೀರಿ. ಒಂದೇ ವಾರದಲ್ಲಿ ನಲವತ್ತೊಂದು ಕಡೆಗೂ ಹೋಗಿ ಹಾಕಿಬಿಡೋಣ. 'ಸಣ್ಣಪುಟ್ಟ ಸುಧಾರಣೆ' ಅಂತ ಬರೆದರೆ ಸಾಕು."

"ಮತ್ತೆ ವಿಚಾರಣೆ ಸರ್?"

"ವಿಚಾರಣೆಗೆ ಪೆಟ್ಟಿಗೆ ಟೆಸ್ಟ್ ಮಾಡಿದೆವು, ಮೂರು ದಿನ ಸರಿಯಾಗಿ ಓಡ್ತು ಅಂತ ಕೊಡಿ. ಅದು ನಿಜ ತಾನೇ?"

"ಹೊಸ ತಂತಿ ಹಾಕಿ ಓಡಿಸಿದ್ದು ಅದು."

"ಶಿಲ್ಪಾ, ತಪ್ಪನ್ನ ತಿದ್ದೋದು ಬೇರೆ, ಊರಿಗೆಲ್ಲ ಸಾರೋದು ಬೇರೆ. ಇಲ್ಲಿ ಹದಿನಾಲ್ಕು ಮನೆ ಇದೆ. ಆಯಮ್ಮಂದು ಅವರ ಆಫೀಸಿನ ಒಳಗಿನ ವಿಷಯ. ಒಂದೆರಡು ತಿಂಗಳಾದರೆ ಅವರೇ ವಾಪಸ್ ತಗೋತಾರೆ."

ಇದೇ ಮನುಷ್ಯ ಒಂದು ಕಾಲಕ್ಕೆ ಬೋರ್ಡಿನ ಮೇಲೆ ಬರೆದು, ಪಡೆದ ಪ್ರತಿಯೊಂದು ಬೈಟನ್ನೂ ಹಿಂದಿರುಗಿಸದವನು ಎಂಜಿನಿಯರ್ ಅಲ್ಲ ಎಂದು ಹೇಳಿಕೊಟ್ಟಿದ್ದರು. ಅವಳು ಅದನ್ನು ನೆನಪಿಸಲಿಲ್ಲ.

"ಸರ್, ಹತ್ತೊಂಬತ್ತು ವರ್ಷ ಕೆಲಸ ಮಾಡಿದವರನ್ನ ಸುಳ್ಳುಗಾತಿ ಅಂತ ಕೂರಿಸಿದ್ದಾರೆ. ಅವರು ಕೈಯಲ್ಲಿ ಮುಟ್ಟಿ ಕಂಡುಹಿಡಿಯದೇ ಇದ್ದಿದ್ರೆ ಆ ರಕ್ತ ಬಾಣಂತಿ ಮೈಗೆ ಹೋಗ್ತಿತ್ತು. ನಮ್ಮ ಪೆಟ್ಟಿಗೆ ಮಾಡದ ಕೆಲಸ ಅವರು ಮಾಡಿದ್ದಾರೆ. ಅವರ ಕೈಲಿ ತಪ್ಪೊಪ್ಪಿಗೆ ಬರೆಸಿಕೊಂಡು ಬಾ ಅಂತ ನೀವು ನನ್ನ ಕಳಿಸಿದ್ರಿ."

"ಸಾಲು ಅಳಿಸಿದ್ದು ನೀವು ಅನ್ನೋದು ನೆನಪಿರಲಿ," ಎಂದರು ಮೃತ್ಯುಂಜಯ ಮೆಲ್ಲಗೆ.

"ಅದನ್ನೂ ಹೇಳ್ತೀನಿ."

ಸೋಮವಾರ ಹನ್ನೊಂದು ಗಂಟೆಗೆ ವಿಚಾರಣೆ. ಟ್ರಸ್ಟಿನ ಸೆಕ್ರೆಟರಿ ಶಿವಲಿಂಗಯ್ಯ, ರಕ್ತನಿಧಿಯ ಡಾಕ್ಟರು, ಇನ್ನಿಬ್ಬರು ಸದಸ್ಯರು ಉದ್ದ ಮೇಜಿನ ಆಚೆ. ಈಚೆ ಒಂದು ಕುರ್ಚಿಯಲ್ಲಿ ಚಾಮುಂಡೇಶ್ವರಿ, ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲೇ ಬಂದಿದ್ದರು. ಅಮಾನತಾದವರು ಯೂನಿಫಾರ್ಮ್ ಹಾಕುವಂತಿಲ್ಲ ಎಂದು ಒಬ್ಬ ಸದಸ್ಯರು ಆಕ್ಷೇಪಿಸಿದಾಗ, "ನಂದೇ ಬಟ್ಟೆ ಸ್ವಾಮಿ, ಹಾಕ್ಕೊಂಡಿದ್ದೀನಿ," ಎಂದರು.

ಶಿಲ್ಪಶ್ರೀ ರಿಪೋರ್ಟಿನ ಬದಲು ಪೆಟ್ಟಿಗೆಯನ್ನೇ ತಂದಿದ್ದಳು. ಹಳೆಯ ಡ್ರೈವರ್, ಕಿಲುಬಿನ ತಂತಿ. ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದಳು. ಪರದೆ 26.8 ಎಂದು ಕೋಣೆಯ ಉಷ್ಣತೆ ತೋರಿಸಿತು, ಕಡೆಯ ಅಂಕಿ ಸಣ್ಣಗೆ ಏರಿಳಿಯುತ್ತಿತ್ತು. ಇಪ್ಪತ್ಮೂರು ದಿನದಲ್ಲಿ ಆಗುವುದನ್ನು ಒಂದು ಗಂಟೆಗೆ ಇಳಿಸಿದ್ದೇನೆ, ಕೋಣೆಯ ಸೆಕೆಗೇ ಕೂಗದಿರಲೆಂದು ಅಲಾರಾಂ ಮಿತಿಯನ್ನು ಆರರಿಂದ ನಲವತ್ತಕ್ಕೆ ಏರಿಸಿದ್ದೇನೆ, ಇವೆರಡು ಬಿಟ್ಟು ಬೇರೇನೂ ಬದಲಿಸಿಲ್ಲ ಎಂದಳು.

"ಒಂದು ಗಂಟೆ ಕೂತು ನಾವು ಪೆಟ್ಟಿಗೆ ನೋಡ್ಬೇಕೇನಮ್ಮ?" ಶಿವಲಿಂಗಯ್ಯ ಗಡಿಯಾರ ನೋಡಿದರು. "ಇವತ್ತು ಬೇರೆ ಕೆಲಸ ಇದೆ ನಮಗೆ."

"ಇವರನ್ನ ಒಂದು ವಾರ ಕೆಲಸ ಬಿಡಿಸಿ ಕೂರಿಸಿದ್ದೀರಿ ಸರ್. ಒಂದು ಗಂಟೆ ಹೆಚ್ಚಲ್ಲ."

ಡಾಕ್ಟರು, "ಕೂತ್ಕೊಳ್ಳೋಣ ಬಿಡಿ," ಎಂದರು.

ಕಾಯುವ ಹೊತ್ತಿನಲ್ಲಿ ಶಿಲ್ಪಶ್ರೀ ಕಾರ್ಡಿನ ದಾಖಲೆಯನ್ನೂ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ವಿವರಿಸಿದಳು. ಶನಿವಾರ ಮೂರು ನಲವತ್ತಕ್ಕೆ ನಿಂತ ಅಂಕಿ 4.2. ಭಾನುವಾರದ ಆರೂ ಅಂಕಿ 4.2. ನಡುವಿನ ರಾತ್ರಿಯ ಅಂಕಿಗಳು ಮಾತ್ರ ಬೇರೆ. ಶಿವಲಿಂಗಯ್ಯ ಕನ್ನಡಕ ತೆಗೆದು ಹಾಕಿ ಮತ್ತೆ ತೆಗೆದರು. ರಾತ್ರಿ ಪಾಳಿಯವನ ಹೆಸರನ್ನು ಯಾರೂ ಎತ್ತಲಿಲ್ಲ. ಆಮೇಲೆ ಅವಳು ಸೋರಿಕೆಯ ವಿಷಯ ಹೇಳಿದಳು, ವಾರದ ರೀಸ್ಟಾರ್ಟಿನ ವಿಷಯ ಹೇಳಿದಳು, "ಆ ಸಾಲು ತೆಗೆದವಳು ನಾನು, ಯಾಕಿತ್ತು ಅಂತ ಕೇಳದೆ ತೆಗೆದೆ," ಎಂದೂ ಹೇಳಿದಳು.

ಚಾಮುಂಡೇಶ್ವರಿ ತಲೆ ತಿರುಗಿಸಿ ಅವಳನ್ನು ನೋಡಿದರು.

"ಮೆಮೊರಿ ತಿಂದದ್ದು ಆ ಡ್ರೈವರು ಅಂತೀರಿ," ಡಾಕ್ಟರು ಕೇಳಿದರು. "ಸತ್ತದ್ದು ಅಳೆಯೋ ಪ್ರೋಗ್ರಾಮು. ಅದ್ಯಾಕೆ?"

"ಯಾರು ತಿಂದರು ಅಂತ ಕರ್ನಲ್ ಹುಡುಕೋದಿಲ್ಲ ಸರ್. ಎದುರಿಗೆ ದೊಡ್ಡದಾಗಿ ಕಾಣೋದನ್ನ ಹೊಡೆಯುತ್ತೆ."

"ಇಲ್ಲೂ ಅಂಗೇ ಆಯ್ತಲ್ಲ," ಎಂದರು ಚಾಮುಂಡೇಶ್ವರಿ. ಆವತ್ತು ವಿಚಾರಣೆಯಲ್ಲಿ ಆಕೆ ತಾನಾಗಿ ಆಡಿದ ಮಾತು ಅದೊಂದೇ.

ಹನ್ನೆರಡು ದಾಟಿ ಹದಿನೇಳು ನಿಮಿಷಕ್ಕೆ ಕಡೆಯ ಅಂಕಿಯ ಏರಿಳಿತ ನಿಂತಿತು. 27.1. ಒಬ್ಬ ಸದಸ್ಯರ ಮುಂದೆ ಆಗ ತಾನೇ ತಂದಿಟ್ಟ ಕಾಫಿ ಹಬೆಯಾಡುತ್ತಿತ್ತು. ಶಿಲ್ಪಶ್ರೀ ಅನುಮತಿ ಕೇಳಿ ಲೋಟವನ್ನು ಎಳೆದುಕೊಂಡು ಸೆನ್ಸರನ್ನು ಅದರಲ್ಲಿ ಅದ್ದಿದಳು. ಎಲ್ಲರೂ ಮುಂದಕ್ಕೆ ಬಾಗಿದರು. 27.1. ಒಂದು ನಿಮಿಷ ಕಳೆಯಿತು, ಎರಡು ನಿಮಿಷ ಕಳೆಯಿತು. ಪೆಟ್ಟಿಗೆ ಕೂಗಲಿಲ್ಲ. ಪರದೆ ಬೆಳ್ಳಗೆ, ಆರೋಗ್ಯವಾಗಿ, 27.1 ಎನ್ನುತ್ತಲೇ ಇತ್ತು.

"ಈಗ ಇದನ್ನ ನೋಡಿ ರಿಜಿಸ್ಟರಿನಲ್ಲಿ ಏನು ಬರೀತೀರಿ ಸರ್?" ಎಂದು ಶಿಲ್ಪಶ್ರೀ ಶಿವಲಿಂಗಯ್ಯನವರನ್ನು ಕೇಳಿದಳು.

ಅವರು ರಿಜಿಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡು ಭಾನುವಾರದ ಪುಟ ತೆರೆದರು.

ಹೊರಗೆ ವರಾಂಡದಲ್ಲಿ ಚಾಮುಂಡೇಶ್ವರಿ ಅವಳನ್ನು ತಡೆದು ನಿಲ್ಲಿಸಿದರು. ಕೃತಜ್ಞತೆಯ ಮಾತು ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ.

"ಯಾವತ್ತು ಗೊತ್ತಾಯ್ತು ನಿಮ್ಗೆ?"

"ಗುರುವಾರ."

"ಗುರುವಾರ. ನಾಲ್ಕು ದಿನ ನಾನು ಮನೇಲಿ ಕೂತು, ನಾನೇ ಸರಿಯಾಗಿ ನೋಡ್ಲಿಲ್ವೇನೋ ಅಂತ ತಲೆ ಕೆಡಿಸ್ಕೊಂಡಿದ್ದೀನಿ. ನಾಲ್ಕು ಗಂಟೆಗೆ ಬರೆಯುವಾಗ್ಲೇ ಏನೋ ಸರಿಯಿಲ್ಲ ಅನ್ಸಿತ್ತು ನಂಗೆ, ಆದ್ರೂ ಮಿಷಿನ್ ಹೇಳ್ತಾ ಇದೆಯಲ್ಲ ಅಂದ್ಬುಟ್ಟು ಸುಮ್ನಾದೆ. ಅದನ್ನೇ ನೆನೆಸ್ಕೊಂಡು ನಿದ್ದೆ ಇಲ್ಲ. ಒಂದು ಫೋನ್ ಮಾಡಕ್ಕಾಗ್ಲಿಲ್ವಾ ನಿಮ್ಗೆ?"

ಫೋನ್ ಮಾಡಬಹುದು ಎಂಬುದು ಶಿಲ್ಪಶ್ರೀಗೆ ಹೊಳೆದೇ ಇರಲಿಲ್ಲ. ಅವಳು ಸೋರಿಕೆಯ ಬೆನ್ನು ಹತ್ತಿದ್ದಳು, ಮೃತ್ಯುಂಜಯರ ಮೇಲೆ ಸಿಟ್ಟಾಗಿದ್ದಳು.

"ತಪ್ಪಾಯ್ತು ಅಮ್ಮ," ಎಂದಳು.

"ಆಯ್ತು," ಎಂದರು ಚಾಮುಂಡೇಶ್ವರಿ. "ಎಂಬತ್ಮೂರು ಜನ ತೋಳು ಚುಚ್ಚಿಸ್ಕೊಂಡು ಕೊಟ್ಟೋಗಿದ್ರು. ಒಬ್ಬೊಬ್ಬರ ಕೈಗೂ ಬಿಸ್ಕತ್ ಕೊಟ್ಟೋಳು ನಾನು."

ಬುಧವಾರ ಆಕೆಗೆ ಪತ್ರ ಬಂತು. 'ಸಂದೇಹದ ಲಾಭ ನೀಡಿ ಅಮಾನತು ಹಿಂತೆಗೆದುಕೊಳ್ಳಲಾಗಿದೆ.' ಆಕೆ ಅದನ್ನು ತೆಗೆದುಕೊಂಡು ನೇರ ಶಿವಲಿಂಗಯ್ಯನವರ ಕೋಣೆಗೆ ಹೋದರು. ಸಂದೇಹ ಯಾರ ಮೇಲೆ ಉಳಿದಿದೆ ಹೇಳಿ, ನನ್ನ ಮೇಲೆ ಉಳಿದಿದ್ದರೆ ನಾನು ಡ್ಯೂಟಿಗೆ ಬರುವುದಿಲ್ಲ ಎಂದು ಪತ್ರವನ್ನು ಮೇಜಿನ ಮೇಲಿಟ್ಟು ಬಂದರು. ಎರಡು ದಿನ ಬರಲೂ ಇಲ್ಲ. ಡಾಕ್ಟರು ಮಧ್ಯೆ ಬಂದ ಮೇಲೆ ಶನಿವಾರ ಬೇರೆ ಪತ್ರ ಟೈಪಾಯಿತು: 'ಸದರಿಯವರಿಂದ ಯಾವುದೇ ಲೋಪವಾಗಿಲ್ಲ. ಇವರ ಎಚ್ಚರದಿಂದ ರೋಗಿಯೊಬ್ಬರಿಗೆ ಆಗಬಹುದಾಗಿದ್ದ ಅಪಾಯ ತಪ್ಪಿದೆ.' ಸೋಮವಾರ ಡ್ಯೂಟಿಗೆ ಬಂದವರು ಮೊದಲು ಮಾಡಿದ ಕೆಲಸ ಪ್ರತಿ ಫ್ರಿಜ್ಜಿನಲ್ಲೂ ಒಂದು ಗಾಜಿನ ಥರ್ಮಾಮೀಟರ್ ಇಡಿಸಿದ್ದು. ಎರಡನ್ನೂ ನೋಡಿ, ಎರಡನ್ನೂ ಬರೆಯಬೇಕು ಎಂದು ರಿಜಿಸ್ಟರಿನಲ್ಲಿ ಹೊಸ ಕಾಲಂ ಎಳೆದರು.

ಮೃತ್ಯುಂಜಯ ನಲವತ್ತೊಂದು ಕಡೆಗೂ ಪತ್ರ ಬರೆದರು. ಸಂತೋಷದಿಂದ ಬರೆದದ್ದಲ್ಲ. ವಿಚಾರಣೆಯ ವರದಿಯ ಪ್ರತಿ ಅವರ ಕೈ ಸೇರಿದ ಮೇಲೆ 'ಸಣ್ಣಪುಟ್ಟ ಸುಧಾರಣೆ' ಎನ್ನಲು ದಾರಿ ಇರಲಿಲ್ಲ. ಮೂರು ಕಡೆಯವರು ಪೆಟ್ಟಿಗೆ ವಾಪಸು ಕಳಿಸಿದರು, ಉಳಿದವರು ಹೊಸ ಡ್ರೈವರ್ ಹಾಕಿಸಿಕೊಂಡರು. ಶಿಲ್ಪಶ್ರೀಯ ಜೊತೆ ಅವರು ಕೆಲಸದ ಮಾತು ಬಿಟ್ಟು ಬೇರೆ ಮಾತಾಡುವುದನ್ನು ನಿಲ್ಲಿಸಿದರು. ವಾಗೀಶ ಮಾತ್ರ ಒಂದು ದಿನ ಬಂದು, ತಾನು 'ಆಮೇಲೆ ನೋಡೋಣ' ಎಂದು ಬಿಟ್ಟಿದ್ದ, ಪ್ರೋಗ್ರಾಮಿನ ಇನ್ನೂ ಐದು ಜಾಗಗಳ ಪಟ್ಟಿಯನ್ನು ಅವಳ ಟೇಬಲ್ಲಿನ ಮೇಲಿಟ್ಟು ಹೋದ.

ಆ ಡ್ರೈವರನ್ನು ಬೇರೆ ಕಂಪನಿಗಳೂ ಬಳಸುತ್ತಿದ್ದವು, ಬೇರೆ ಊರುಗಳ ಫ್ರಿಜ್ಜುಗಳಲ್ಲೂ ಅದು ಓಡುತ್ತಿತ್ತು. ಶಿಲ್ಪಶ್ರೀ ತನ್ನ ತಿದ್ದುಪಡಿಯನ್ನು ಅದರ ಮೇಲ್ವಿಚಾರಕರಿಗೆ ಕಳಿಸಲು ಕೂತಳು. ಅಂಥ ತಿದ್ದುಪಡಿಯ ಜೊತೆ ಒಂದು ಟಿಪ್ಪಣಿ ಬರೆಯಬೇಕು: ತಪ್ಪು ಯಾವುದು, ಯಾವ ಆವೃತ್ತಿಯಿಂದ ಇದೆ, ಅದರಿಂದ ಏನಾಗುತ್ತದೆ. ಕೆಳಗೆ, ತಪ್ಪನ್ನು ಮೊದಲು ಕಂಡು ತಿಳಿಸಿದವರು ಯಾರು ಎಂದು ಹೆಸರು ಹಾಕುವ ರೂಢಿ ಇದೆ. ಅವಳು ಈ ಸಲ ಫೋನ್ ಮಾಡಿದಳು.

"ನನ್ ಹೆಸ್ರು ಯಾಕೆ? ನಂಗೆ ಕಂಪ್ಯೂಟರ್ ಏನ್ ಗೊತ್ತು?" ಎಂದರು ಚಾಮುಂಡೇಶ್ವರಿ.

"ಪೆಟ್ಟಿಗೆ ಸುಳ್ಳು ಹೇಳ್ತಿದೆ ಅಂತ ಮೊದಲು ಕಂಡುಹಿಡಿದವರು ನೀವೇ ಅಲ್ವಾ."

ಹಿಂದೆ ಯಾರೋ ರಕ್ತದ ಗುಂಪು ಕೂಗುತ್ತಿದ್ದದ್ದು ಕೇಳಿಸಿತು.

"ಹಾಕಿ ಅಂಗಾದ್ರೆ. ಇನಿಶಿಯಲ್ ಸೇರ್ಸಿ ಬರೀರಿ, ಬಿ. ಚಾಮುಂಡೇಶ್ವರಿ. ನಮ್ಮಮ್ಮನ ಹೆಸ್ರು ಬೋರಮ್ಮ."

ಶಿಲ್ಪಶ್ರೀ ಹಾಗೆಯೇ ಬರೆದು ಕಳಿಸಿದಳು. ನಾಲ್ಕು ದಿನಕ್ಕೆ ಉತ್ತರ ಬಂತು. ತಿದ್ದುಪಡಿ ಸರಿಯಾಗಿದೆ, ಒಂದು ಸಾಲಿನಲ್ಲಿ ಪದಗಳ ನಡುವೆ ಜಾಗ ಬಿಟ್ಟಿರುವುದು ಹೆಚ್ಚಾಗಿದೆ, ಸರಿಮಾಡಿ ಮತ್ತೆ ಕಳಿಸಿ ಎಂದಿತ್ತು. ಸರಿಮಾಡಿ ಕಳಿಸಿದಳು, ಸೇರಿಸಿಕೊಂಡರು. ಆಮೇಲೆ ಅವಳು ವಾಗೀಶನ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಮೊದಲನೆಯ ಫೈಲ್ ತೆರೆದಳು.